ಆದವಾನಿಯಿಂದ ಸುವರ್ಣಭೂಮಿಗೆ
ಅಗ್ಗದ ವಿಮಾನ ಯಾನಕ್ಕೆ ಮನೆಯಲ್ಲೇ ಸಿದ್ಧತೆ

ವಿಮಾನವೆಂದರೆ ಕಾಸರಗೋಡಿನವರಿಗೆ ಹೊಸ ವಿಷಯವಲ್ಲ. ಗಲ್ಫಿಗೆ ಹೋದವರಿಲ್ಲದ ಊರು ನಮ್ಮಲ್ಲಿ ವಿರಳ. ಒಂದು ಕಡೆ ಮಂಗಳೂರು ನಿಲ್ದಾಣವಿದೆ, 2018ರ ಡಿಸೆಂಬರಿನಿಂದ ಇನ್ನೊಂದು ಕಡೆ ಕಣ್ಣೂರೂ ಇದೆ. ಆದರೆ ಗಡಿನಾಡ ಕನ್ನಡಿಗರೆಲ್ಲರಿಗೂ ಈ ಅನುಕೂಲವಿಲ್ಲ ಎಂಬುದು ನಮಗೆ ಮನವರಿಕೆಯಾದುದು ಮಂತ್ರಾಲಯದ ಯಾತ್ರೆ ಮುಗಿಸಿ, ಹಳೆಯ ಪರಿಚಯದವರನ್ನು ಕಾಣಲು ಆದವಾನಿಗೆ ಹೋದಾಗ.

ಆದವಾನಿಯನ್ನು ಈಗ ಹಲಗೆಗಳಲ್ಲಿ ಆದೋನಿ ಎಂದು ಬರೆಯುತ್ತಾರೆ. ಆಂಧ್ರಪ್ರದೇಶದ ಕರ್ನೂಲು ಜಿಲ್ಲೆಯ ಪಶ್ಚಿಮ ಭಾಗದ ದೊಡ್ಡ ಹತ್ತಿ ಪೇಟೆ ಅದು. ಹಿಂದೆ ಬಳ್ಳಾರಿ ಜಿಲ್ಲೆಗೆ ಸೇರಿತ್ತು. 1953ರ ಒಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆ ಕಡೆಗೆ ಹೋದುವು. 1956ರ ನವೆಂಬರ್ 1ರಂದು ನಮಗೆ ಆದುದು ಅವರಿಗೆ ಮೂರು ವರ್ಷ ಮೊದಲೇ ಆಗಿತ್ತು. ಅಲ್ಲಿನ ಕನ್ನಡಿಗರಿಗೆ ಮನೆಮಾತು ಕನ್ನಡ, ಕಚೇರಿಯ ಮಾತು ತೆಲುಗು. ಉಳಿದುದನ್ನು ನಮ್ಮ ವಾಚಕರಿಗೆ ವಿವರಿಸಬೇಕಾಗಿಲ್ಲ.

ನಾವು ತಂಗಿದ ಮನೆಯಲ್ಲಿ ಅರುವತ್ತು ದಾಟಿದ ದಂಪತಿಗಳು. ಮಗನಿಗೆ ಥಾಯ್ಲೆಂಡಿನ ರಾಜಧಾನಿ ಬ್ಯಾಂಕಾಕಿನಲ್ಲಿ ಕೆಲಸ. ಮೊಮ್ಮಗುವಿಗೆ ಎರಡು ವರ್ಷವಾದರೂ ಅಜ್ಜಿ ಅದನ್ನು ನೋಡಿದ್ದು ಫೋನಿನಲ್ಲಿ ಮಾತ್ರ. ಹತ್ತಿ ಮಾರಿದ ಹಣದಲ್ಲಿ ಒಮ್ಮೆ ಟಿಕೇಟು ತೆಗೆಸಿದ್ದೂ ಉಂಟು. ಆ ಹಣವೆಲ್ಲ ನೀರಿಗೆ ಬಿತ್ತು.

ಕಾರಣ ವಿಚಿತ್ರವಾದುದು. ಆ ಅಜ್ಜಿಯ ಹೆಸರು ಹಕಾರದಿಂದ ಆರಂಭವಾಗುತ್ತದೆ. ಹೊನ್ನೂರಮ್ಮ ಎಂಬಂತಹ ಅಚ್ಚ ಕನ್ನಡದ ಹೆಸರು. ತೆಲುಗಿನ ಪಡಿತರ ಚೀಟಿಯಲ್ಲಿ ಆ ಹಕಾರವೇ ಬಿದ್ದುಹೋಗಿತ್ತು. ಆಧಾರ್ ಕಾರ್ಡಿನಲ್ಲಿ ಹಕಾರವಿದ್ದರೂ ಕೊನೆಯ ಅಕ್ಷರಗಳು ಬೇರೆ. ಪಾಸ್‌ಪೋರ್ಟು ಕೈಗೆ ಬರುವ ಮೊದಲೇ ಪಡಿತರ ಚೀಟಿ ನೋಡಿ ಟಿಕೇಟು ತೆಗೆದರು; ಪಾಸ್‌ಪೋರ್ಟು ಬಂದದ್ದು ಆಧಾರ್ ಪ್ರಕಾರ. ಎರಡೂ ತಾಳೆಯಾಗಲಿಲ್ಲ. ಅತ್ಯಂತ ಅಗ್ಗದ ಟಿಕೇಟಾದ ಕಾರಣ ಹೆಸರು ತಿದ್ದಲೂ ಆಗಲಿಲ್ಲ, ಹಣವೂ ಮರಳಲಿಲ್ಲ.

ಆ ರಾತ್ರಿ ಅವರೊಂದಿಗೆ ಕುಳಿತು ನಾವು ಪುನಃ ಲೆಕ್ಕ ಹಾಕಿದೆವು. ಅದರ ಸಾರಾಂಶ ನಮ್ಮವರಿಗೂ ಉಪಯೋಗವಾದೀತು.

ಮೊದಲನೆಯದು ಪಾಸ್‌ಪೋರ್ಟು, ಟಿಕೇಟು ಆಮೇಲೆ. ಕಾಸರಗೋಡಿನಲ್ಲಿರುವಂತೆ ಕರ್ನೂಲಿನಲ್ಲೂ ಅಂಚೆ ಕಚೇರಿಯ ಪಾಸ್‌ಪೋರ್ಟು ಸೇವಾ ಕೇಂದ್ರವಿದೆ. 36 ಪುಟಗಳ ಸಾಮಾನ್ಯ ಪಾಸ್‌ಪೋರ್ಟಿಗೆ ಶುಲ್ಕ 1500 ರೂಪಾಯಿ. ಹೊಸದಾಗಿ ಮಾಡಿಸುವ 60 ದಾಟಿದವರಿಗೆ ಶೇಕಡಾ 10 ರಿಯಾಯಿತಿ. ತತ್ಕಾಲ್ ಬೇಕೆಂದರೆ 2000 ರೂಪಾಯಿ ಹೆಚ್ಚು. ಅಂದರೆ ತಡಮಾಡಿದವನು ಟಿಕೇಟಿಗಿಂತ ಮೊದಲೇ ದಂಡ ತೆತ್ತಂತೆ. ಹೆಸರಿನ ಇನಿಶಿಯಲ್ ಪಾಸ್‌ಪೋರ್ಟಿನಲ್ಲಿ ನಡೆಯದು, ಬಿಡಿಸಿ ಬರೆಯಬೇಕು. ಆದುದರಿಂದ ಅರ್ಜಿಗೆ ಮೊದಲೇ ಎಲ್ಲ ದಾಖಲೆಗಳಲ್ಲೂ ಹೆಸರು ಒಂದೇ ಆಗಿರುವಂತೆ ತಿದ್ದಿಸಿಕೊಳ್ಳುವುದು ಕ್ಷೇಮ.

ಎರಡನೆಯದು ಎಲ್ಲಿಂದ ಹೊರಡುವುದೆಂಬ ಪ್ರಶ್ನೆ. ಕರ್ನೂಲಿನ ಬಳಿ ಓರ್ವಕಲ್ಲಿನಲ್ಲಿ 2021ರಲ್ಲಿ ವಿಮಾನ ನಿಲ್ದಾಣ ಆರಂಭವಾಯಿತಾದರೂ ಅದು ಒಳನಾಡಿನ ವಿಮಾನಗಳಿಗಾಗಿ ಇರುವಂತಹದು. ಆದವಾನಿಯವರಿಗೆ ಇರುವ ದಾರಿ ಎರಡು: ಬೆಂಗಳೂರು, ಇಲ್ಲವೇ ಹೈದರಾಬಾದು. ಎರಡೂ ಕಡೆಯಿಂದ ಬ್ಯಾಂಕಾಕಿಗೆ ನೇರ ವಿಮಾನಗಳಿವೆ, ಪ್ರಯಾಣ ಸುಮಾರು ನಾಲ್ಕು ತಾಸು. ದೇವನಹಳ್ಳಿ ಬೆಂಗಳೂರಿನ ಉತ್ತರಕ್ಕಿದೆ, ಶಂಶಾಬಾದು ಹೈದರಾಬಾದಿನ ದಕ್ಷಿಣಕ್ಕಿದೆ. ಎರಡೂ 44ನೇ ರಾಷ್ಟ್ರೀಯ ಹೆದ್ದಾರಿಯ ಮೇಲೆಯೇ ಇವೆ. ಕರ್ನೂಲು ಜಿಲ್ಲೆಯಿಂದ ಬಸ್ಸಿನಲ್ಲಿ ಬರುವವರು ನಗರದ ಒಳಗೆ ಹೋಗಿ ಪುನಃ ಟ್ಯಾಕ್ಸಿ ಹಿಡಿದು ಹಿಂದೆ ಬರಬೇಕಾಗಿಲ್ಲ. ಈ ಒಂದು ವಿಷಯ ತಿಳಿಯದೆ ಹಲವರು ವೃಥಾ ಖರ್ಚು ಮಾಡುತ್ತಾರೆ. ರೈಲು ಬೇಕೆಂದರೆ ಮುಂಬಯಿಯ ಉದ್ಯಾನ್ ಎಕ್ಸ್‌ಪ್ರೆಸ್ ಆದವಾನಿಯ ಮೂಲಕವೇ ಬೆಂಗಳೂರಿಗೆ ಬರುತ್ತದೆ.

ಮೂರನೆಯದು ಕಾಲ. ವಿಮಾನದ ಎಲ್ಲ ಸೀಟುಗಳಿಗೂ ಒಂದೇ ಬೆಲೆಯಿಲ್ಲ. ಕಡಿಮೆ ದರದ ಕೆಲವು ಸೀಟುಗಳು ಮೊದಲು ಮಾರಾಟವಾಗುತ್ತವೆ, ಆಮೇಲೆ ದರ ಏರುತ್ತದೆ. ಬ್ಯಾಂಕಾಕಿನಲ್ಲಿ ನವೆಂಬರಿನಿಂದ ಫೆಬ್ರವರಿ ವರೆಗೆ ಹಿತವಾದ ಹವೆ, ಆಗ ಪ್ರವಾಸಿಗಳ ನೂಕುನುಗ್ಗಲು. ಎಪ್ರಿಲ್ 13ರಿಂದ 15ರ ವರೆಗೆ ಅಲ್ಲಿ ಸೋಂಗ್‌ಕ್ರಾನ್ ಹಬ್ಬ. ಸಂಕ್ರಾಂತಿ ಎಂಬ ಶಬ್ದವೇ ಹಾಗಾದುದು. ನಮ್ಮ ವಿಷುವಿನ ದಿನಗಳೇ. ಆಗಲೂ ದರ ಹೆಚ್ಚು. ಮೇ ತಿಂಗಳಿನಿಂದ ಒಕ್ಟೋಬರ್ ವರೆಗಿನ ಮಳೆಗಾಲದಲ್ಲಿ ಟಿಕೇಟೂ ಕೋಣೆಯೂ ಅಗ್ಗ. ಬಿತ್ತನೆ ಮುಗಿದು ಹತ್ತಿ ಬಿಡಿಸುವ ಮೊದಲಿನ ಸೆಪ್ಟೆಂಬರ್ ತಿಂಗಳು ಆ ದಂಪತಿಗಳಿಗೆ ಹೇಳಿಸಿದಂತಿತ್ತು. "ಅಲ್ಲಿ ದಿನಾ ಮಳೆ ಬರುತ್ತದೆ" ಎಂದು ನಾವು ಎಚ್ಚರಿಸಿದೆವು. "ಬರಲಿ ಬಿಡಿ, ನಾವು ಮಳೆ ನೋಡಿದ್ದೇ ಕಡಿಮೆ" ಎಂದರು ಅಜ್ಜಿ.

ನಾಲ್ಕನೆಯದು ಅಗ್ಗದ ದರದೊಳಗಿನ ಗುಟ್ಟು. ಕಡಿಮೆ ದರದ ಕಂಪೆನಿಗಳಲ್ಲಿ ಸಾಮಾನ್ಯವಾಗಿ 7 ಕಿಲೋ ಕೈಚೀಲ ಮಾತ್ರ ಉಚಿತ. ದೊಡ್ಡ ಪೆಟ್ಟಿಗೆ, ಊಟ, ಬೇಕಾದ ಸೀಟು ಎಲ್ಲಕ್ಕೂ ಬೇರೆ ಹಣ. ಪೆಟ್ಟಿಗೆಗೆ ಟಿಕೇಟಿನ ಜತೆಯಲ್ಲೇ ಹಣ ಕಟ್ಟಿದರೆ ಕಡಿಮೆ, ನಿಲ್ದಾಣದಲ್ಲಿ ಕಟ್ಟಿದರೆ ದುಬಾರಿ. ಮಧ್ಯದಲ್ಲಿ ವಿಮಾನ ಬದಲಿಸುವುದಾದರೆ ಎರಡನ್ನೂ ಒಂದೇ ಟಿಕೇಟಿನಲ್ಲಿ ತೆಗೆಯಬೇಕು. ಬೇರೆ ಬೇರೆ ತೆಗೆದು, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಕೇಳುವವರಿಲ್ಲ. ಬ್ಯಾಂಕಾಕಿನಲ್ಲಿ ನಿಲ್ದಾಣಗಳೂ ಎರಡು. 2006ರಲ್ಲಿ ತೆರೆದ ದೊಡ್ಡದರ ಹೆಸರು ಸುವರ್ಣಭೂಮಿ. ಹಳೆಯದು ದೋನ್ ಮುಯಾಂಗ್. ಕರೆದೊಯ್ಯಲು ಬರುವವರಿಗೆ ಯಾವುದೆಂದು ಮೊದಲೇ ತಿಳಿಸತಕ್ಕದ್ದು.

ಐದನೆಯದು ಪ್ರವೇಶದ ಕಾಗದಗಳು. ಭಾರತದ ಪ್ರವಾಸಿಗಳು ವೀಸಾ ಇಲ್ಲದೆ 60 ದಿನ ಇರಬಹುದೆಂದು ಥಾಯ್ಲೆಂಡ್ 2024ರ ಜುಲೈಯಲ್ಲಿ ನಿಯಮ ಮಾಡಿತು. ಇಂತಹ ನಿಯಮಗಳು ಬದಲಾಗುತ್ತಿರುತ್ತವೆ. ಹಣ ಕಟ್ಟುವ ಮೊದಲು ಆ ದೇಶದ ರಾಯಭಾರ ಕಚೇರಿಯ ಪ್ರಕಟಣೆ ನೋಡಬೇಕು. 2025ರ ಮೇ 1ರಿಂದ ಆಗಮನ ಪತ್ರವನ್ನು ಮುಂಚಿತವಾಗಿ ಇಂಟರ್‌ನೆಟ್ಟಿನಲ್ಲಿ ತುಂಬಬೇಕೆಂದು ಮಾಡಿದರು. ಅದಕ್ಕೆ ಶುಲ್ಕವಿಲ್ಲ. ಹಣ ಕೇಳಿದರೆ ಅದು ಮೋಸದ ತಾಣ ಎಂದು ತಿಳಿಯಬೇಕು.

ಕೊನೆಯದಾಗಿ ಒಂದು ಗಂಭೀರ ವಿಷಯ. ಕೋಸಿಗಿ, ಮಂತ್ರಾಲಯದ ಸುತ್ತಿನ ಬರದ ಹಳ್ಳಿಗಳಿಂದ ಕುಟುಂಬಗಳೇ ಕೂಲಿಗಾಗಿ ಗುಂಟೂರಿನ ಮೆಣಸಿನ ಹೊಲಗಳಿಗೆ ಹೋಗುತ್ತವೆ. ಅಂತಹ ಮನೆಯ ಓದಿದ ಹುಡುಗನಿಗೆ "ಬ್ಯಾಂಕಾಕಿನಲ್ಲಿ ಕಂಪ್ಯೂಟರ್ ಕೆಲಸ, ಟಿಕೇಟು ನಮ್ಮದೇ" ಎಂದರೆ ಆಸೆಯಾಗುವುದು ಸಹಜ. ಹಾಗೆ ನಂಬಿ ಹೋದ ಭಾರತೀಯರನ್ನು ಗಡಿ ದಾಟಿಸಿ ಮ್ಯಾನ್ಮಾರಿನ ವಂಚನಾ ಕೇಂದ್ರಗಳಲ್ಲಿ ಕೂಡಿಹಾಕಿದ್ದರು. 2025ರ ಮಾರ್ಚ್ 10 ಮತ್ತು 11ರಂದು ನಮ್ಮ ಸರಕಾರ ವಾಯುಪಡೆಯ ವಿಮಾನಗಳಲ್ಲಿ 549 ಮಂದಿಯನ್ನು ಥಾಯ್ಲೆಂಡಿನ ಮೂಲಕ ಊರಿಗೆ ತಂದಿತು. ಪುಕ್ಕಟೆ ಟಿಕೇಟಿನಷ್ಟು ದುಬಾರಿಯಾದುದು ಬೇರೊಂದಿಲ್ಲ. ನೌಕರಿಗೆ ಕರೆಯುವ ಏಜೆಂಟು ಸರಕಾರದ ಇ-ಮೈಗ್ರೇಟ್ ಪಟ್ಟಿಯಲ್ಲಿದ್ದಾನೆಯೇ ಎಂದು ನೋಡದೆ ಯಾರೂ ಹೊರಡಬಾರದು. ಈ ಮಾತು ನಮ್ಮ ಜಿಲ್ಲೆಯ ಹುಡುಗರಿಗೂ ಅನ್ವಯಿಸುತ್ತದೆ.

ಆ ದಂಪತಿಗಳು ಹೆಸರು ತಿದ್ದಿಸಿಕೊಂಡು, ನಾಲ್ಕು ತಿಂಗಳು ಮೊದಲೇ ಟಿಕೇಟು ತೆಗೆದು ಸೆಪ್ಟೆಂಬರಿನಲ್ಲಿ ಹೋಗಿ ಬಂದರು. ಮೊಮ್ಮಗು ಮೊದಲ ದಿನ ಹತ್ತಿರ ಬರಲಿಲ್ಲವಂತೆ. ಮೂರನೆಯ ದಿನ ಮಡಿಲು ಬಿಟ್ಟು ಇಳಿಯಲಿಲ್ಲವಂತೆ. ಅಜ್ಜಿ ಅದಕ್ಕೆ ಕನ್ನಡದ ನಾಲ್ಕು ಮಾತು ಕಲಿಸಿ ಬಂದಿದ್ದಾರೆ.

ವಾಚಕರಲ್ಲಿ ನಮ್ಮ ವಿನಂತಿ ಇಷ್ಟೇ. ಪ್ರಯಾಣದ ಯೋಚನೆ ಇರಲಿ, ಇಲ್ಲದಿರಲಿ, ಮನೆಯ ಹಿರಿಯರ ಕಾಗದಪತ್ರಗಳನ್ನು ಇಂದೇ ಹೊರತೆಗೆದು ಹೆಸರು ಓದಿ ನೋಡಿ. ಅವು ಮಲಯಾಳದಿಂದ ಇಂಗ್ಲಿಷಿಗೆ ಇಳಿದುಬಂದವು. ಎಲ್ಲಿ ಯಾವ ಅಕ್ಷರ ಬಿದ್ದಿದೆಯೋ, ಹುಡುಕಿ ಎತ್ತಬೇಕಾದವರು ನಾವೇ.