ಸ್ಕೂಬಾ ತರಬೇತಿ: ಎಷ್ಟು ಕಲಿತರೆ ಸಾಕು?

ರಜೆಯಲ್ಲಿ ಊರಿಗೆ ತೆರಳುವ ಬೊರಿವಲಿಯ ಕನ್ನಡ ಕುಟುಂಬಗಳಿಗೆ ಕರಾವಳಿಯೆಂದರೆ ಒಂದು ಕಾಲಕ್ಕೆ ದೇವಸ್ಥಾನ, ಜಾತ್ರೆ, ನೆಂಟರ ಮನೆ ಇಷ್ಟೇ ಆಗಿತ್ತು. ಇಂದಿನ ತರುಣರು ಮುರುಡೇಶ್ವರನ ದರ್ಶನ ಮುಗಿಸಿ, ಅಲ್ಲಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪಕ್ಕೆ ದೋಣಿಯೇರಿ, ಬೆನ್ನಿಗೆ ಸಿಲಿಂಡರು ಕಟ್ಟಿಕೊಂಡು ಕಡಲಿಗಿಳಿಯುತ್ತಾರೆ. ಅವರ ಉತ್ಸಾಹವನ್ನು ಕಂಡ ಹೆತ್ತವರ ಮನಸ್ಸಿನಲ್ಲಿ ಏಳುವ ಪ್ರಶ್ನೆ ಒಂದೇ: ಕಲಿತದ್ದು ಸಾಕೆ?

ಇಲ್ಲಿ ಎರಡು ಸಂಗತಿಗಳನ್ನು ಬೇರ್ಪಡಿಸಿ ನೋಡಬೇಕು. ಸ್ವಲ್ಪ ಹೊತ್ತು ವಿವರಣೆ ನೀಡಿ, ಶಿಕ್ಷಕನೇ ಜೊತೆಯಲ್ಲಿದ್ದು ನೀರಿಗೆ ಕರೆದೊಯ್ಯುವುದು ತರಬೇತಿಯಲ್ಲ. ಅದು ಕೇವಲ ಪರಿಚಯ. ಅದರಲ್ಲಿ 12 ಮೀಟರಿಗಿಂತ ಆಳಕ್ಕೆ ಇಳಿಯುವಂತಿಲ್ಲ. ನಿಜವಾದ ಪ್ರಾರಂಭಿಕ ಶಿಕ್ಷಣಕ್ಕೆ ಮೂರು ನಾಲ್ಕು ದಿನಗಳು ಬೇಕು. 'ಪ್ಯಾಡಿ' ಸಂಸ್ಥೆಯ ಓಪನ್ ವಾಟರ್ ಶಿಕ್ಷಣದಲ್ಲಿ ಪಾಠ, ಈಜುಕೊಳದ ಅಭ್ಯಾಸ ಹಾಗೂ ತೆರೆದ ನೀರಿನಲ್ಲಿ ನಾಲ್ಕು ಬಾರಿ ಮುಳುಗುವಿಕೆ ಇರುತ್ತವೆ. ಉತ್ತೀರ್ಣನಾದವನು ಜೊತೆಗಾರನೊಡನೆ 18 ಮೀಟರಿನವರೆಗೆ ಇಳಿಯಬಹುದು.

ಈ ಮಿತಿಗಳ ಹಿಂದೆ ಶರೀರಧರ್ಮವಿದೆ. ಪ್ರತಿ 10 ಮೀಟರ್ ಆಳಕ್ಕೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. 10 ಮೀಟರ್ ಆಳದಲ್ಲಿ ಎಳೆದುಕೊಂಡ ಉಸಿರನ್ನು ಬಿಗಿಹಿಡಿದು ಮೇಲೇರಿದರೆ ಆ ಗಾಳಿ ಎರಡರಷ್ಟು ಹಿಗ್ಗಲು ಹವಣಿಸಿ ಶ್ವಾಸಕೋಶವನ್ನು ಹರಿಯಬಲ್ಲದು. ಆದ್ದರಿಂದಲೇ ಉಸಿರಾಟವನ್ನು ಎಂದೂ ನಿಲ್ಲಿಸಬಾರದೆಂಬುದು ಮೊದಲ ಪಾಠ. ಸಿಲಿಂಡರಿನಲ್ಲಿರುವುದು ಸಾಮಾನ್ಯವಾಗಿ ಶುದ್ಧ ಆಮ್ಲಜನಕವಲ್ಲ, ಒತ್ತಿ ತುಂಬಿದ ಗಾಳಿ. ಅದರ ಸಾರಜನಕವು ಆಳದಲ್ಲಿ ರಕ್ತಕ್ಕೂ ಅಂಗಾಂಶಗಳಿಗೂ ಸೇರುತ್ತದೆ. ಇದೊಂದು ಸಾಲವಿದ್ದಂತೆ, ನಿಧಾನವಾಗಿ ಮೇಲೇರುತ್ತ, 5 ಮೀಟರಿನಲ್ಲಿ 3 ನಿಮಿಷ ನಿಂತು, ಕಂತು ಕಂತಾಗಿ ತೀರಿಸಬೇಕು. ಅವಸರಪಟ್ಟರೆ ಗುಳ್ಳೆಗಳೆದ್ದು ಕೀಲುನೋವಿನಿಂದ ಪಾರ್ಶ್ವವಾಯುವಿನವರೆಗೆ ತೊಂದರೆಯಾಗಬಹುದು.

ಇವೆಲ್ಲವನ್ನೂ ಪ್ರಾರಂಭಿಕ ಶಿಕ್ಷಣದಲ್ಲಿ ಕಲಿಸುತ್ತಾರೆ. ಮುಖವಾಡಕ್ಕೆ ನುಗ್ಗಿದ ನೀರನ್ನು ಹೊರಹಾಕುವುದು, ಜೊತೆಗಾರನ ಗಾಳಿಯನ್ನು ಹಂಚಿಕೊಳ್ಳುವುದು ಇವನ್ನೂ ಮಾಡಿಸುತ್ತಾರೆ. ಆದರೆ ಶಿಕ್ಷಕನ ಕಣ್ಣೆದುರು, ಶಾಂತವಾದ ನೀರಿನಲ್ಲಿ ಕೆಲವೇ ಬಾರಿ ಮಾಡಿದ ಕೆಲಸವು ಸೆಳೆತವಿರುವ ಕಲಕಿದ ನೀರಿನಲ್ಲಿ ಗಾಬರಿಯಾದಾಗ ತಾನಾಗಿ ನೆನಪಿಗೆ ಬರುವುದಿಲ್ಲ. ಅದಕ್ಕೆ ಅಭ್ಯಾಸವೇ ಬೇಕು. ವರ್ಷಕ್ಕೊಮ್ಮೆ ಊರಿಗೆ ಹೋದಾಗ ಮಾತ್ರ ಮುಳುಗುವವನಿಗೆ ಕಲಿತದ್ದು ಮಾಸಿರುತ್ತದೆ, ಪ್ರಮಾಣಪತ್ರ ಮಾತ್ರ ಮಾಸದೆ ಉಳಿದಿರುತ್ತದೆ. ಅಪಾಯವಿರುವುದು ಈ ಅಂತರದಲ್ಲಿಯೇ.

ಆದುದರಿಂದ ಪ್ರಾರಂಭಿಕ ತರಬೇತಿಯು, ಕಲಿತಂಥದೇ ನೀರಿನಲ್ಲಿ, ಕಲಿತಷ್ಟೇ ಆಳದಲ್ಲಿ, ಜೊತೆಗಾರನೊಡನೆ ಇಳಿಯುವುದಕ್ಕೆ ಸಾಕು. ಅದಕ್ಕಿಂತ ಮಿಗಿಲಾದುದಕ್ಕೆ ಸಾಲದು. ಬಹುಕಾಲದ ನಂತರ ಇಳಿಯುವವರು ಮೊದಲು ಶಿಕ್ಷಕರೊಡನೆ ಈಜುಕೊಳದಲ್ಲಿ ಮರುಅಭ್ಯಾಸ ಮಾಡುವುದು ಲೇಸು. ಆಸ್ತಮಾ, ಮೂರ್ಛೆರೋಗ, ಹೃದ್ರೋಗ, ಕಿವಿಯ ತೊಂದರೆ ಇರುವವರು ಮೊದಲೇ ವೈದ್ಯರನ್ನು ಕಾಣಬೇಕು; ಗರ್ಭಿಣಿಯರು ಇಳಿಯಲೇಬಾರದು. ನೆಗಡಿಯಿದ್ದ ದಿನ ಕಿವಿಯ ಒತ್ತಡ ಸರಿದೂಗದೆ ಕರ್ಣಪಟಲಕ್ಕೆ ಪೆಟ್ಟಾದೀತು. ಸಿಲಿಂಡರಿನ ಮಾಪಕದಲ್ಲಿ 50 ಬಾರ್ ಗಾಳಿಯನ್ನು ಕನಿಷ್ಠ ಶಿಲ್ಕೆಂದು ಭಾವಿಸಿ, ಅಷ್ಟು ಉಳಿದಿರುವಾಗಲೇ ಮೇಲೆ ಬಂದಿರಬೇಕು.

ಮರಳುವಾಗ ಮತ್ತೊಂದು ಎಚ್ಚರಿಕೆ. ಕೊಂಕಣ ರೈಲಿನಲ್ಲಿ ಬರುವವರಿಗೆ ಚಿಂತೆಯಿಲ್ಲ. ಗೋವೆಯಿಂದಲೋ ಮಂಗಳೂರಿನಿಂದಲೋ ವಿಮಾನವೇರುವವರು ಒಂದು ಬಾರಿ ಮುಳುಗಿದ್ದರೆ ಕನಿಷ್ಠ 12 ಗಂಟೆ, ಹಲವು ಬಾರಿ ಮುಳುಗಿದ್ದರೆ 18 ಗಂಟೆ ಕಾಯಬೇಕು. ಮೇಲೆ ಬಂದ ಬಳಿಕ ಕೀಲುನೋವು, ಜೋಮು, ತಲೆಸುತ್ತು ಕಂಡರೆ ಆಯಾಸವೆಂದು ಉದಾಸೀನ ಮಾಡದೆ, ಮುಳುಗಿದ ಸಂಗತಿಯನ್ನು ತಿಳಿಸಿ ತಕ್ಷಣ ವೈದ್ಯರ ನೆರವು ಪಡೆಯಬೇಕು.

ಮನಸ್ಸು ಅಳುಕಿದ ದಿನ ದೋಣಿಯಲ್ಲೇ ಉಳಿಯುವುದು ಅವಮಾನವಲ್ಲ. ನೇತ್ರಾಣಿ ಮುಂದಿನ ರಜೆಗೂ ಅಲ್ಲಿಯೇ ಇರುತ್ತದೆ.