ನೀರು ಒಯ್ಯುವುದೇನು? ಬಿಡುವುದೇನು?

ಅಕ್ಕಂದಿರೇ, ಅಕ್ಕಿ ಜಾಲಿಸುವಾಗ ಗಮನಿಸಿ. ಹೊಟ್ಟು ಮೊದಲು ತೇಲಿ ಹೋಗುತ್ತದೆ. ಆಮೇಲೆ ನೀರಿನ ಜೊತೆ ಅಕ್ಕಿ ಹೋಗುತ್ತದೆ. ಕಲ್ಲು ಪಾತ್ರೆಯ ತಳದಲ್ಲೇ ಉಳಿಯುತ್ತದೆ.

ಯಾಕೆ ಹೀಗೆ? ಕಲ್ಲು ಅಕ್ಕಿಯಷ್ಟೇ ಗಾತ್ರ ಇದ್ದರೂ ಅದರ ತೂಕ ಹೆಚ್ಚು. ಒಂದೇ ಗಾತ್ರದಲ್ಲಿ ಎಷ್ಟು ತೂಕ ಇದೆ ಎಂಬುದೇ ಸಾಂದ್ರತೆ. ಸಾಂದ್ರತೆ ಹೆಚ್ಚಿದ್ದರೆ ವಸ್ತು ಬೇಗ ತಳ ಸೇರುತ್ತದೆ. ಅದನ್ನು ಸಾಗಿಸಲು ನೀರಿಗೆ ಹೆಚ್ಚು ರಭಸ ಬೇಕು.

ಮರಳು ನೀರಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ಚಿನ್ನ 19 ಪಟ್ಟು ಭಾರ. ಹೊಸಕೋಟೆ ದಾಟಿದರೆ ಕೋಲಾರದ ಸೀಮೆ. ಅಲ್ಲಿ ಹಿಂದೆ ಹಳ್ಳಿಯವರು ಮಣ್ಣು ತೊಳೆದು ಚಿನ್ನ ತೆಗೆಯುತ್ತಿದ್ದರು. 1802ರಲ್ಲಿ ವಾರನ್ ಎಂಬ ಬ್ರಿಟಿಷ್ ಅಧಿಕಾರಿ ಇದನ್ನು ಕಂಡರು. ಮಣ್ಣು ಹರಿದು ಹೋಗುತ್ತಿತ್ತು. ಚಿನ್ನದ ಪುಡಿ ಉಳಿಯುತ್ತಿತ್ತು.

ನಮ್ಮ ಹೊಲದ ಕಥೆ ಬೇರೆ. ಹೊಲದ ಚಿನ್ನ ಎಂದರೆ ಗೊಬ್ಬರ. ಅದು ಹಗುರ. ಜೋರು ಮಳೆ ಬಂದರೆ ಅದೇ ಮೊದಲು ಕೊಚ್ಚಿ ಹೋಗುತ್ತದೆ. ನುಣ್ಣನೆ ಮಣ್ಣೂ ಜೊತೆಗೆ ಹೋಗುತ್ತದೆ. ಮರಳು, ಕಲ್ಲು ಹೊಲದಲ್ಲಿ ಉಳಿಯುತ್ತವೆ. ರಾಗಿ ಇಳುವರಿ ಕಡಿಮೆ ಆಗುತ್ತದೆ. ಹೋದ ಮಣ್ಣು ಕೆರೆ ಸೇರಿ ಹೂಳಾಗುತ್ತದೆ. ಕೆರೆಯಲ್ಲಿ ನೀರು ನಿಲ್ಲಲು ಜಾಗ ಇಲ್ಲದಂತಾಗುತ್ತದೆ.

ಇದಕ್ಕೆ ಏನು ಮಾಡಬೇಕು? ಇಳಿಜಾರಿಗೆ ಅಡ್ಡವಾಗಿ ಉಳಬೇಕು. ಬದು ಹಾಕಬೇಕು. ಬದುವಿನ ಮೇಲೆ ಹುಲ್ಲು ಬೆಳೆಸಬೇಕು. ಆಗ ನೀರಿನ ರಭಸ ತಗ್ಗುತ್ತದೆ. ಹೊತ್ತು ತಂದ ಮಣ್ಣನ್ನು ನೀರು ಅಲ್ಲೇ ಬಿಡುತ್ತದೆ. ತೇಲುವ ಗೊಬ್ಬರವನ್ನು ಹುಲ್ಲು ತಡೆಯುತ್ತದೆ. ಬೇಸಿಗೆಯಲ್ಲಿ ಕೆರೆ ಒಣಗಿದಾಗ ಗೋಡು ತಂದು ಹೊಲಕ್ಕೆ ಹಾಕಬೇಕು. ಅದು ನಮ್ಮ ಹೊಲಗಳಿಂದ ಹೋದ ಮಣ್ಣೇ ಅಲ್ಲವೇ?