ಸುಮ್ಮನಿದ್ದ ನೀರು

ನಮ್ಮದು ಮುದ್ದೇಬಿಹಾಳ ತಾಲ್ಲೂಕಿನ ಹಳ್ಳಿ. ಉಪ್ಪು ನೀರೆಂದರೆ ನನಗೆ ಗೊತ್ತಿದ್ದುದು ನಮ್ಮ ಡೋಣಿ ನದಿಯದ್ದು ಮಾತ್ರ. ಸಮುದ್ರವನ್ನು ಸಿನಿಮಾದಲ್ಲಷ್ಟೇ ನೋಡಿದ್ದೆ.

ಕಳೆದ ಡಿಸೆಂಬರ್‌ನಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಫಲಿತಾಂಶ ಬಂತು. ಮೂರನೇ ಸಲವೂ ಪಟ್ಟಿಯಲ್ಲಿ ನನ್ನ ನಂಬರ್ ಇರಲಿಲ್ಲ. ಮನೆಯಲ್ಲಿ ಯಾರೂ ಬೈಯಲಿಲ್ಲ. ಬೈದಿದ್ದರೇ ಚಲೋ ಇತ್ತು ಅನ್ನಿಸಿತು. ಇಂಡಿಯ ಗೆಳೆಯ ಫೋನ್ ಮಾಡಿ, ‘ಏಳಲೇ, ಎರಡು ದಿನ ಪುಸ್ತಕ ಮುಚ್ಚಿಡು, ಸಮುದ್ರ ನೋಡಿ ಬರೂಣು’ ಅಂದ.

ಅವ್ವ ಕಟ್ಟಿಕೊಟ್ಟ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ ಹಿಡಿದು ವಿಜಯಪುರದಲ್ಲಿ ಬಸ್ ಹತ್ತಿದೆವು. ಪರೀಕ್ಷೆಗೆಂದು ರಾಷ್ಟ್ರೀಯ ಹೆದ್ದಾರಿಗಳ ಪಟ್ಟಿಯನ್ನೆಲ್ಲ ಬಾಯಿಪಾಠ ಮಾಡಿದ್ದ ನಾನು, 52ನೇ ಹೆದ್ದಾರಿಯಲ್ಲಿ ಹುಬ್ಬಳ್ಳಿ ದಾಟಿದ್ದು ಅದೇ ಮೊದಲು. ಕೊಲ್ಹಾರದಲ್ಲಿ ಕೃಷ್ಣೆ ದಾಟಿದ ಆ ರಸ್ತೆ ಯಲ್ಲಾಪುರದ ಕಾಡು ಹಾದು, ಘಟ್ಟ ಇಳಿದು ಅಂಕೋಲಾದಲ್ಲಿ ಮುಗಿಯುತ್ತದೆ. ಅಲ್ಲಿಂದ ಗೋಕರ್ಣ ದೂರವಿಲ್ಲ.

ಓಂ ಬೀಚಿನಲ್ಲಿ ಜಾತ್ರೆಯಂಥ ಜನ. ಹಾಗಾಗಿ ಗುಡ್ಡದ ಕಾಲುದಾರಿ ಹಿಡಿದು, ಹಾಫ್ ಮೂನ್ ದಾಟಿ ಪ್ಯಾರಡೈಸ್ ಬೀಚಿಗೆ ನಡೆದೆವು. ಅಲ್ಲಿಗೆ ವಾಹನ ಹೋಗುವುದಿಲ್ಲ. ಬಂಡೆಗಳ ನಡುವೆ ಚಿಕ್ಕ ಮರಳದಂಡೆ. ನಮ್ಮಿಬ್ಬರನ್ನು ಬಿಟ್ಟರೆ ಬಲೆ ಬಿಡಿಸುತ್ತಿದ್ದ ಒಬ್ಬ ಮೀನುಗಾರ ಅಜ್ಜ ಮಾತ್ರ.

ಎರಡೂ ಬದಿ ತೆರೆ ಅಪ್ಪಳಿಸುತ್ತಿದ್ದವು. ನಡುವೆ ಒಂದು ಪಟ್ಟೆಯಷ್ಟು ನೀರು ಕೆರೆಯಂತೆ ಸುಮ್ಮನಿತ್ತು. ಬಾವಿಯಲ್ಲಿ ಈಜು ಕಲಿತ ನಾವು, ಇಳಿಯಲು ಇದೇ ಸರಿಯಾದ ಜಾಗ ಎಂದು ಅಂಗಿ ಬಿಚ್ಚಿದೆವು.

‘ಘಟ್ಟದ ಮೇಲಿನವರಾ? ಅಲ್ಲಿ ಇಳೀಬೇಡಿ!’ ಅಜ್ಜ ಕೂಗಿದರು.

ದಡಕ್ಕೆ ಬಂದ ನೀರೆಲ್ಲ ಸಮುದ್ರಕ್ಕೆ ಮರಳುವ ದಾರಿಯೇ ಅದಂತೆ. ಅದಕ್ಕೇ ಅಲ್ಲಿ ತೆರೆ ಒಡೆಯುವುದಿಲ್ಲ, ಸೆಳವು ಮಾತ್ರ ಜೋರು. ‘ಸಿಕ್ಕಿಬಿದ್ದರೆ ದಡದ ಕಡೆ ಎದುರು ಈಜಿ ದಣೀಬೇಡಿ. ಅದರಲ್ಲೇ ಜನ ಸಾಯೋದು. ದಡಕ್ಕೆ ಸಮನಾಗಿ ಅಡ್ಡ ಈಜಿ, ಸೆಳವು ತಪ್ಪಿದ ಮೇಲೆ ದಡಕ್ಕೆ ಬನ್ನಿ’ ಅಂದರು. ಕಾವಲುಗಾರರಿಲ್ಲದ ಆ ಜಾಗದಲ್ಲಿ ಅವರಿರದಿದ್ದರೆ ಏನಾಗುತ್ತಿತ್ತೋ. ಜನರಿಲ್ಲದ ಕಡಲು ಹುಡುಕಿ ಹೋಗುವ ಗೆಳೆಯರೇ, ಮೊದಲು ಅಲ್ಲಿಯವರನ್ನು ಕೇಳಿ.

ಪಾದ ಮುಳುಗುವಷ್ಟು ನೀರಲ್ಲಿ ನಿಂತು ಸಂಜೆವರೆಗೂ ತೆರೆ ನೋಡಿದೆವು. ಅಜ್ಜನಿಗೂ ಎರಡು ರೊಟ್ಟಿ ಕೊಟ್ಟೆವು. ನಮ್ಮ ಖಾಲಿ ಬಾಟಲಿಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಟೆವು.

ಬಸ್ಸಿನಲ್ಲಿ ಅಜ್ಜನ ಮಾತೇ ತಲೆಯಲ್ಲಿ. ಮೂರು ವರ್ಷ ನಾನು ಒಂದೇ ಹುದ್ದೆಗಾಗಿ ಎದುರು ಈಜುತ್ತಿದ್ದೆ. ಊರಿಗೆ ಬಂದ ವಾರವೇ ಬಿ.ಇಡಿ.ಗೂ ಅರ್ಜಿ ಹಾಕುವುದೆಂದು ಅಪ್ಪನಿಗೆ ಹೇಳಿದೆ. ‘ದಡ ಸೇರಿದರ ಸಾಕಪಾ’ ಅಂದರು. ಸಮುದ್ರದ ಕಥೆ ನಾನಿನ್ನೂ ಅವರಿಗೆ ಹೇಳಿರಲಿಲ್ಲ.